ಬೆಂಕಿಯ ಮುಂದೆ ಕೈದಿಗಳು

ಕೇಳುಗರೇ, ಕಾಳ್ಗಿಚ್ಚಿಗೆ ನೀರೊಂದೇ ಮದ್ದಲ್ಲವೆಂದು ಕಾಡಂಚಿನ ನಿಮಗೆ ಹೇಳಬೇಕಾಗಿಲ್ಲ. ಉರಿ ಬರುವ ದಾರಿಯಲ್ಲಿ ಪೊದೆ ಕಡಿದು, ತರಗೆಲೆ ಕೆರೆದು, ಬರಿ ಮಣ್ಣಿನ ಪಟ್ಟಿ ಬಿಡಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎರಡನೇ ಮಹಾಯುದ್ಧಕ್ಕೆ ಗಂಡಾಳುಗಳು ಹೊರಟುಹೋದಾಗ ಸರಕಾರ ಈ ಕೆಲಸಕ್ಕೆ ಕೈದಿಗಳನ್ನು ಕರೆಯಿತು. 1946ರಲ್ಲಿ ರೇನ್‌ಬೋ ಎಂಬಲ್ಲಿ ಕಾಯಂ ಶಿಬಿರವಾಯಿತು. 1983ರಲ್ಲಿ ಅದೇ ಹೆಂಗಸರ ಶಿಬಿರವಾಯಿತು. ಬೆಂಕಿಯಿಲ್ಲದ ದಿನ ಪೊದೆ ಸವರುವುದು, ನೆರೆ ಬಂದರೆ ಮರಳುಚೀಲ ಒಡ್ಡುವುದು.

ಆದರೆ ಬಿಡುಗಡೆಯಾಗಿ ಅದೇ ಕಸುಬಿಗೆ ಅರ್ಜಿ ಹಾಕಿದರೆ ಹಳೆಯ ಶಿಕ್ಷೆಯ ದಾಖಲೆ ಅಡ್ಡ ಬರುತ್ತಿತ್ತು. ಬೆಂಕಿಗೆ ಬೇಕಾದ ಕೈ ನೌಕರಿಗೆ ಬೇಡ, ನೋಡಿ! 2020ರ ಕಾನೂನು, ದಾಖಲೆ ತೆಗೆಸಲು ಕೋರ್ಟಿಗೆ ಹೋಗುವ ದಾರಿ ತೆರೆಯಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಉರಿದಾಗ ಸುಮಾರು ಸಾವಿರ ಕೈದಿಗಳು ಗುದ್ದಲಿ ಹಿಡಿದು ನಿಂತಿದ್ದರು, ದಿನಕ್ಕೆ ಹೆಚ್ಚೆಂದರೆ ಹತ್ತು ಡಾಲರಿನ ಚಿಲ್ಲರೆ ಕೂಲಿಗೆ, ಬೆಂಕಿಯೆದುರು ಗಂಟೆಗೆ ಇನ್ನೊಂದು ಡಾಲರು.