ಕಳೆದ ದಿನದ ಕೂಲಿ: ತರಬೇತಿಯ ರಜೆ ಮತ್ತು ಕ್ರೀಡಾಪಟುವಿನ ಸಂಬಳ

ಕ್ರೀಡಾಪಟುವಿನ ಖರ್ಚು ಬರೆಯುವಾಗ ಬೂಟು, ಊಟ, ಪ್ರಯಾಣ, ತರಬೇತುದಾರರ ಸಂಭಾವನೆ ಎಲ್ಲವೂ ಪಟ್ಟಿಗೆ ಬರುತ್ತವೆ. ಅಭ್ಯಾಸಕ್ಕೆಂದು ಕೆಲಸ ಬಿಟ್ಟ ದಿನದ ಸಂಬಳ ಬಹುಮಟ್ಟಿಗೆ ಹೊರಗೇ ಉಳಿಯುತ್ತದೆ. ಯಾರು ಮೈದಾನಕ್ಕಿಳಿಯಬಲ್ಲರು ಎಂಬುದನ್ನು ಹೆಚ್ಚಾಗಿ ನಿರ್ಧರಿಸುತ್ತ ಬಂದಿರುವುದು ಈ ಬಿಟ್ಟುಹೋದ ಬಾಬತ್ತೇ ಎಂಬುದು ಈ ಲೇಖನದ ವಾದ.

ಈ ಪ್ರಶ್ನೆ ಮೊದಲು ಬಿಸಿಯೇರಿದ್ದು ಉತ್ತರ ಇಂಗ್ಲೆಂಡಿನ ರಗ್ಬಿಯಲ್ಲಿ. ಅಲ್ಲಿನ ಆಟಗಾರರಲ್ಲಿ ಗಣಿ ಮತ್ತು ಗಿರಣಿಯ ಕಾರ್ಮಿಕರು ಬಹಳ. ಶನಿವಾರ ಬೆಳಿಗ್ಗೆಯೂ ಪಾಳಿ ಇರುತ್ತಿತ್ತು. ದೂರದ ಪಂದ್ಯಕ್ಕೆ ಹೊರಟರೆ ಆ ಹೊತ್ತಿನ ಕೂಲಿ ಹೋದಂತೆಯೇ. ಇದನ್ನು ಅವರು ‘ಬ್ರೋಕನ್ ಟೈಮ್’ ಎಂದು ಕರೆದರು. ಅದಕ್ಕೆ ಪರಿಹಾರ ಕೊಡಬೇಕೆಂಬ ಯಾರ್ಕ್‌ಷೈರ್‌ನವರ ಸಲಹೆ 1893ರಲ್ಲಿ ಲಂಡನ್ನಿನ ಸಭೆಯಲ್ಲಿ 136ಕ್ಕೆ 282 ಮತಗಳಿಂದ ಬಿದ್ದುಹೋಯಿತು. 1895ರ ಆಗಸ್ಟ್ 29ರಂದು ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆಯಾದವು. ಕಳೆದ ದಿನವೊಂದಕ್ಕೆ ಹೆಚ್ಚೆಂದರೆ ಆರು ಶಿಲಿಂಗ್ ಎಂದು ಗೊತ್ತುಮಾಡಿದವು. ಬಹಿರಂಗವಾಗಿ ಸಂಬಳ ಕೊಡಲು 1898ರಲ್ಲಿ ಒಪ್ಪಿದಾಗಲೂ ಆಟಗಾರನಿಗೆ ಬೇರೊಂದು ಉದ್ಯೋಗ ಇರಲೇಬೇಕೆಂಬ ನಿಯಮ ಹಾಕಿದರು. ಇದು ನನಗೆ ಮುಖ್ಯವಾಗಿ ಕಾಣುತ್ತದೆ: ಆಟವನ್ನೇ ಕಸುಬು ಮಾಡಿಕೊಳ್ಳುವ ಹಕ್ಕನ್ನಲ್ಲ, ಕಸುಬನ್ನು ಉಳಿಸಿಕೊಂಡು ಆಡುವ ಹಕ್ಕನ್ನು ಅವರು ಮೊದಲು ಕೇಳಿದ್ದು.

ಎದುರಾಳಿಗಳು ಹೇಳಿದ್ದು ಆಟದ ಪಾವಿತ್ರ್ಯ. ಆ ಮಾತಿನ ಹಿಂದೆ ವರ್ಗಭೇದವಿತ್ತು ಎಂಬುದಕ್ಕೆ ಹೆನ್ಲಿ ದೋಣಿಸ್ಪರ್ಧೆಯ ನಿಯಮವೇ ಸಾಕ್ಷಿ. ಕೈಕೆಲಸದಿಂದ ಜೀವನ ಮಾಡುವವನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಆಸ್ಟ್ರೇಲಿಯಾದ ಪೊಲೀಸರ ತಂಡವನ್ನು 1936ರಲ್ಲೂ ಹೊರಗಿಟ್ಟರು. ಫುಟ್‌ಬಾಲಿನಲ್ಲಿ ಫಿಫಾ ಇಂಥ ಪರಿಹಾರಕ್ಕೆ ಒಪ್ಪಿದ್ದಕ್ಕೆ ಬ್ರಿಟಿಷ್ ಸಂಘಗಳು 1928ರಲ್ಲಿ ಅದರಿಂದ ಹೊರನಡೆದವು. ಒಲಿಂಪಿಕ್ ಸಮಿತಿ ಕಳೆದ ಸಂಬಳದ ಪರಿಹಾರವನ್ನು ನಿಯಮದಲ್ಲಿ ಒಪ್ಪಿಕೊಂಡದ್ದು 1974ರ ವಿಯೆನ್ನಾ ಅಧಿವೇಶನದಲ್ಲಿ.

ಭಾರತ ಬೇರೆ ದಾರಿ ಹಿಡಿಯಿತು: ಆಟಗಾರನಿಗೆ ನೌಕರಿಯನ್ನೇ ಕೊಡುವುದು. 1928ರಲ್ಲಿ ಶುರುವಾದ ರೈಲ್ವೆ ಕ್ರೀಡಾ ಮಂಡಳಿ, ಸೇನೆ, ಪೊಲೀಸ್, ಬ್ಯಾಂಕುಗಳು, ಬೆಂಗಳೂರಿನ ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ಎಷ್ಟೋ ಮನೆಗಳ ಒಲೆ ಆರದಂತೆ ನೋಡಿಕೊಂಡವು. ಕೇಂದ್ರ ನೌಕರರಿಗೆ ರಾಷ್ಟ್ರೀಯ, ಅಂತರರಾಷ್ಟ್ರೀಯ ಸ್ಪರ್ಧೆಗಳಿಗಾಗಿ ವರ್ಷಕ್ಕೆ 30 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆಯುಂಟು. 2014ರಲ್ಲಿ ಆರಂಭವಾದ ‘ಟಾಪ್ಸ್’ ಯೋಜನೆ ಪದಕದ ಭರವಸೆಯಿರುವ ಪ್ರಮುಖರಿಗೆ ತಿಂಗಳಿಗೆ 50,000 ರೂಪಾಯಿ ಭತ್ಯೆ ಕೊಡುತ್ತದೆ. ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ರಜೆ ದಕ್ಕುವುದು ರಜೆಯ ನಿಯಮವಿರುವ ಕೆಲಸದಲ್ಲಿ. ಭತ್ಯೆ ದಕ್ಕುವುದು ಆಗಲೇ ಎತ್ತರಕ್ಕೆ ಏರಿದವರಿಗೆ.

ಅಲ್ಲಿಗೆ ಏರುವ ಮೊದಲಿನ ವರ್ಷಗಳ ಪಾಡೇನು? ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಓಟಗಾರ್ತಿಯೊಬ್ಬಳು ನಾಲ್ಕು ತಿಂಗಳು ಸಂಬಳವಿಲ್ಲದ ರಜೆ ಹಾಕಿದಳು ಎಂದಿಟ್ಟುಕೊಳ್ಳೋಣ. ಹೋಗುವುದು ನಾಲ್ಕು ತಿಂಗಳ ಸಂಬಳವಷ್ಟೇ ಅಲ್ಲ. ಸಂಬಳವಿಲ್ಲದ ತಿಂಗಳಿಗೆ ಮಾಲೀಕರ ಪಿಎಫ್ ಪಾಲೂ ಬೀಳುವುದಿಲ್ಲ. ಇಎಸ್‌ಐನಲ್ಲಿ ಕಾಯಿಲೆಯ ಭತ್ಯೆ ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಇರಬೇಕು. ಆಕೆಯ ರಜೆ ಪೂರ್ತಿ ಒಂದೇ ಅವಧಿಯೊಳಗೆ ಬಿದ್ದರೆ ಉಳಿದ ಎರಡು ತಿಂಗಳಲ್ಲಿ ಒಂದು ದಿನ ತಪ್ಪದೆ ದುಡಿದರೂ ಅಷ್ಟು ತುಂಬದು. ಮೈಮೇಲೆ ಅತಿ ಹೆಚ್ಚು ಭಾರ ಹಾಕಿಕೊಂಡ ಕಾಲದ ಲೆಕ್ಕವೇ ಮುಂದೆ ಹಾಸಿಗೆ ಹಿಡಿದಾಗ ಆಕೆಯ ಕೈಬಿಡುತ್ತದೆ. ಇದು ಅನ್ಯಾಯ.

ಆದ್ದರಿಂದ ನೆರವನ್ನು ಬಹುಮಾನವಾಗಿ ಆಮೇಲೆ ಕೊಡುವ ಬದಲು ಕಳೆದ ಕೂಲಿಯಾಗಿ ತಿಂಗಳು ತಿಂಗಳು ಕೊಡಬೇಕು. ಪಿಎಫ್, ಇಎಸ್‌ಐ ವಂತಿಗೆಗಳೂ ಅದರಲ್ಲಿ ಸೇರಬೇಕು. ಅದಕ್ಕೆ ತಕ್ಕಂತೆ ರಜೆಯ ದಿನಗಳನ್ನು ದುಡಿದ ದಿನಗಳಾಗಿ ಎಣಿಸುವ ತಿದ್ದುಪಡಿ ಆಗಬೇಕು. ಸಂಬಳದ ಚೀಟಿಯೇ ಇಲ್ಲದ ದಿನಗೂಲಿಯವರಿಗೆ ರಾಜ್ಯ ಸರ್ಕಾರ ಆಯಾ ಕೆಲಸಕ್ಕೆ ಗೊತ್ತುಮಾಡಿದ ಕನಿಷ್ಠ ವೇತನವನ್ನೇ ಅಳತೆಯಾಗಿ ಹಿಡಿಯಬಹುದು. ಹಾಜರಿಗೆ ತರಬೇತಿ ಕೇಂದ್ರದ ಪುಸ್ತಕವಿದೆ.