ಕಾಫಿ ಕುಡಿದ್ರೆ ಎದೆ ಡವಡವ ಅನ್ನುತ್ತಾ? ನಾಡಿ ಎಣಿಸಿದವರ ಕಥೆ

ರಾಜಾಜಿನಗರ, ವಿಜಯನಗರದ ಯಾವ ದರ್ಶಿನಿ ಮುಂದೆ ಬೇಕಾದ್ರೂ ಬೆಳಗ್ಗೆ ನಿಂತು ನೋಡಿ, ಬೈ-ಟು ಕಾಫಿ ಹೀರುವವರ ಗುಂಪು ಇದ್ದೇ ಇರುತ್ತೆ. ಅದೇ ಜನ, ಮನೆಯಲ್ಲಿ ಹಿರಿಯರಿಗೆ ಬಿಪಿ ಅಂತ ಗೊತ್ತಾದ ಕೂಡಲೇ ಮೊದಲು ಕಿತ್ತುಕೊಳ್ಳೋದು ಕಾಫಿ ಲೋಟವನ್ನೇ. ಕಾಫಿ ಎದೆಬಡಿತ ಏರಿಸುತ್ತೆ ಅನ್ನೋದು ನಮ್ಮೆಲ್ಲರ ನಂಬಿಕೆ. ಇದನ್ನು ಪರೀಕ್ಷೆ ಮಾಡಿ ನೋಡಿದವರು ಯಾರು? ಇವತ್ತು ಆ ಕಥೆ ಹೇಳ್ತೀನಿ.

ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದ ಕಥೆ ನಿಮಗೆ ಗೊತ್ತೇ ಇದೆ. ಅಂಥ ಬೀಜದೊಳಗಿನ ಕೆಫೀನನ್ನು ಬೇರ್ಪಡಿಸಿದ್ದು ಜರ್ಮನಿಯ ರುಂಗೆ, 1819ರಲ್ಲಿ. ಬೀಜ ಕೊಟ್ಟು ಪರೀಕ್ಷಿಸು ಎಂದವರು ಕವಿ ಗಯಟೆ. ಅಲ್ಲಿಂದಾಚೆಗೆ ಕೆಫೀನನ್ನು ತೂಕ ಮಾಡಿ ಕೊಡೋದು ಸಾಧ್ಯವಾಯಿತು.

1911ರಲ್ಲಿ ಅಮೆರಿಕ ಸರ್ಕಾರ ಕೋಕಾ-ಕೋಲಾ ಮೇಲೆ ಹೂಡಿದ್ದ ಮೊಕದ್ದಮೆ ವಿಚಾರಣೆಗೆ ಬಂತು. ಕೆಫೀನ್ ಹಾನಿಕರ ಅನ್ನೋದು ಆರೋಪ. ಕಂಪನಿಯ ಹಣದಲ್ಲೇ ಪರೀಕ್ಷೆ ಮಾಡಿದವರು ಮನೋವಿಜ್ಞಾನಿ ಹ್ಯಾರಿ ಹಾಲಿಂಗ್‌ವರ್ತ್ ಮತ್ತು ಅವರ ಪತ್ನಿ ಲೀಟಾ. ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತೇನೆ ಅನ್ನೋದು ಹ್ಯಾರಿಯ ಷರತ್ತು. ಕೆಲವು ಕ್ಯಾಪ್ಸೂಲ್‌ಗಳಲ್ಲಿ ಕೆಫೀನ್, ಕೆಲವುಗಳಲ್ಲಿ ಬರೀ ಹಾಲಿನ ಸಕ್ಕರೆ. ನುಂಗಿದವರಿಗೆ ಯಾವುದು ಯಾವುದೆಂದು ಗೊತ್ತಿರಲಿಲ್ಲ. ಅವರು ಮುಖ್ಯವಾಗಿ ಅಳೆದದ್ದು ಕೈ, ಮನಸ್ಸುಗಳ ಚುರುಕನ್ನು. ಆದರೆ ನನಗೆ ದೊಡ್ಡದು ಅನ್ನಿಸೋದು ಆ ವಿಧಾನ. 'ಕಾಫಿ ಕುಡಿದೆ' ಅನ್ನೋ ಆತಂಕಕ್ಕೂ ಎದೆ ಹೊಡೆದುಕೊಳ್ಳಬಹುದು, ಅಲ್ವಾ?

1978ರಲ್ಲಿ ಅಮೆರಿಕದ ವೈದ್ಯ ಡೇವಿಡ್ ರಾಬರ್ಟ್‌ಸನ್ ತಂಡ, ಕಾಫಿ ಅಭ್ಯಾಸವಿಲ್ಲದ ಒಂಬತ್ತು ಆರೋಗ್ಯವಂತರಿಗೆ 250 ಮಿಲಿಗ್ರಾಂ ಕೆಫೀನ್ ಕೊಟ್ಟಿತು. ಒಂದು ಗಂಟೆಯಲ್ಲಿ ಮೇಲಿನ ಬಿಪಿ ಸರಾಸರಿ 14, ಕೆಳಗಿನದು 10 ಏರಿತು. ನಾಡಿ? ಮೊದಲು ಸ್ವಲ್ಪ ಇಳಿದು, ಆಮೇಲೆ ಏರಿತು! 1981ರಲ್ಲಿ ಅದೇ ತಂಡ ದಿನವೂ ಕೆಫೀನ್ ಕೊಟ್ಟು ನೋಡಿತು. ಒಂದರಿಂದ ನಾಲ್ಕು ದಿನದೊಳಗೆ ದೇಹ ಬಹುಪಾಲು ಒಗ್ಗಿಹೋಗಿತ್ತು.

ಅಂದರೆ, ಎಂದೋ ಒಮ್ಮೆ ಕುಡಿಯುವವರೂ ನಲವತ್ತು ವರ್ಷದಿಂದ ಎರಡು ಹೊತ್ತು ಕುಡಿಯುವ ಬಸವೇಶ್ವರನಗರದ ಅಜ್ಜಿಯೂ ಒಂದೇ ಅಲ್ಲ. ಈ ಪರೀಕ್ಷೆಯನ್ನು ಕಾಲೇಜು ಪ್ರಾಜೆಕ್ಟ್ ಮಾಡುವ ಮಕ್ಕಳಿಗೂ ಒಂದು ಮಾತು: ನಮ್ಮ ಫಿಲ್ಟರ್ ಕಾಫಿಯಲ್ಲಿ ಚಿಕೋರಿ ಬೆರೆತಿರುತ್ತೆ, ಅದರಲ್ಲಿ ಕೆಫೀನ್ ಇಲ್ಲ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಇದೆ. 'ಒಂದು ಲೋಟ' ಅನ್ನೋದು ಅಳತೆಯೇ ಅಲ್ಲ. ಕೆಫೀನ್ ತೆಗೆದ ಕಾಫಿಯನ್ನೂ ಜೊತೆಗಿಡಿ, ಯಾವ ಲೋಟದಲ್ಲಿ ಯಾವುದು ಅನ್ನೋದು ಕುಡಿಯುವವರಿಗೂ ಎಣಿಸುವವರಿಗೂ ಗೊತ್ತಾಗಬಾರದು. ಐದು ನಿಮಿಷ ಸುಮ್ಮನೆ ಕೂತು, ಆಮೇಲೆ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ.

ಎದೆಬಡಿತ ತಪ್ಪಿದಂತೆ ಅನ್ನಿಸಿದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಆದರೆ ಅಜ್ಜಿಯ ಲೋಟ ಕಿತ್ತುಕೊಳ್ಳೋಕೆ ಮುಂಚೆ, ಅವರ ಬಿಪಿಯನ್ನೂ ನಾಡಿಯನ್ನೂ ಒಮ್ಮೆ ಅಳೆದು ನೋಡೋಣ.