ಕುರುಹು ಮತ್ತು ಅರಿವು: ಆಕೃತಿಗಳ ನುಡಿ

ಚೌಕ, ತ್ರಿಕೋನ, ವೃತ್ತಗಳನ್ನು ಓದುಬರಹ ಬಲ್ಲವರೂ ಬಾರದವರೂ ಒಂದೇ ರೀತಿಯಲ್ಲಿ ಗುರುತಿಸುತ್ತಾರೆ. ಆದುದರಿಂದಲೇ ಈ ಆಕೃತಿಗಳಿಂದ ಮನುಕುಲಕ್ಕೆಲ್ಲ ಸಲ್ಲುವ ಒಂದು ನುಡಿಯನ್ನು ಕಟ್ಟಬಹುದೆಂಬ ಹಂಬಲ ಹುಟ್ಟಿತು. ಆದರೆ ಆಕೃತಿಯ ಅರ್ಥವು ಅದರೊಳಗೇ ಹುದುಗಿರುವುದೋ, ಜನರು ಕೂಡಿ ಅದಕ್ಕೆ ಕೊಟ್ಟದ್ದೋ?

ಭಾರತದ ಯೋಗ ಪರಂಪರೆಯಲ್ಲಿ ಪಂಚಭೂತಗಳಿಗೆ ಆಕೃತಿಗಳನ್ನು ಹೇಳಲಾಗಿದೆ. ಪೃಥ್ವಿಗೆ ಚೌಕ, ಅಪ್ಪುವಿಗೆ ಅರ್ಧಚಂದ್ರ, ತೇಜಕ್ಕೆ ತ್ರಿಕೋನ, ವಾಯುವಿಗೆ ಷಟ್ಕೋನ, ಆಕಾಶಕ್ಕೆ ವೃತ್ತ. ಜಪಾನಿನ ಬೌದ್ಧರು ಸಮಾಧಿಗಳ ಮೇಲೆ ನಿಲ್ಲಿಸುವ 'ಗೊರಿಂತೊ' ಎಂಬ ಶಿಲಾಸ್ತೂಪದಲ್ಲಿಯೂ ಐದು ಭೂತಗಳಿಗೆ ಐದು ಆಕೃತಿಗಳಿವೆ. ಅಲ್ಲಿಯೂ ಭೂಮಿ ಚೌಕವೇ, ಅಗ್ನಿ ತ್ರಿಕೋನವೇ; ಆದರೆ ಜಲವು ಗೋಲ, ವಾಯು ಅರ್ಧಚಂದ್ರ, ಆಕಾಶ ರತ್ನ. ಒಂದೆಡೆ ನೀರಾದ ಅರ್ಧಚಂದ್ರ ಇನ್ನೊಂದೆಡೆ ಗಾಳಿಯಾಗಿದೆ.

ಆಧುನಿಕ ಕಾಲದಲ್ಲಿ ಈ ಪ್ರಶ್ನೆಯನ್ನು ಮತ್ತೆ ಎತ್ತಿದವರು ರಷ್ಯಾದ ಚಿತ್ರಕಾರ ವಾಸಿಲಿ ಕಾಂಡಿನ್‌ಸ್ಕಿ. ಜರ್ಮನಿಯ ವೈಮಾರ್ ನಗರದಲ್ಲಿ 1919ರಲ್ಲಿ ಸ್ಥಾಪಿತವಾದ ಬೌಹೌಸ್ ಕಲಾಶಾಲೆಯಲ್ಲಿ ಅವರು 1922ರಿಂದ ಬೋಧಕರಾಗಿದ್ದರು. ಹಳದಿ, ಕೆಂಪು, ನೀಲಿಗಳಲ್ಲಿ ಯಾವ ಬಣ್ಣ ಯಾವ ಆಕೃತಿಗೆ ಒಪ್ಪುವುದೆಂದು ಕೇಳುವ ಪ್ರಶ್ನಾವಳಿಯೊಂದನ್ನು 1923ರಲ್ಲಿ ಅಲ್ಲಿ ಹಂಚಲಾಯಿತು. ಚುಚ್ಚುವ ಮೊನೆಗಳ ತ್ರಿಕೋನ ಹಳದಿ, ಚೌಕ ಕೆಂಪು, ಶಾಂತವಾದ ವೃತ್ತ ನೀಲಿ ಎಂಬುದು ಕಾಂಡಿನ್‌ಸ್ಕಿಯವರ ದೃಢವಾದ ನಂಬಿಕೆ. ಅದೇ ಶಾಲೆಯ ಬೋಧಕ ಆಸ್ಕರ್ ಶ್ಲೆಮ್ಮರ್ ಅವರಿಗಾದರೋ ವೃತ್ತ ಕೆಂಪಾಗಿ ಕಂಡಿತು. ಒಂದೇ ಶಾಲೆಯ ಇಬ್ಬರು ಗುರುಗಳ ಒಳನೋಟವೇ ಕೂಡಿಬರಲಿಲ್ಲ.

ಅದೇ 1923ರಲ್ಲಿ ಅಮೆರಿಕದ ಮಿಸಿಸಿಪ್ಪಿ ಕಣಿವೆಯ ರಾಜ್ಯಗಳ ಹೆದ್ದಾರಿ ಇಲಾಖೆಗಳ ಸಂಘವು ಬೇರೊಂದು ದಾರಿಯನ್ನು ಹಿಡಿಯಿತು. ಅದು ಆಕೃತಿಯ ಅಂತರಂಗವನ್ನು ಶೋಧಿಸಲಿಲ್ಲ. ಒಂದು ಕಟ್ಟಳೆಯನ್ನು ಮಾಡಿತು. ಬದಿಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚೆಂದು ತಿಳಿಯಬೇಕು. ಎಣಿಕೆಗೆ ಸಿಗದಷ್ಟು ಬದಿಗಳುಳ್ಳದ್ದೆಂದು ಭಾವಿಸಬಹುದಾದ ವೃತ್ತವನ್ನು ರಸ್ತೆಯು ರೈಲು ಹಳಿಯನ್ನು ದಾಟುವೆಡೆಗೆ, ಅಷ್ಟಕೋನವನ್ನು ವಾಹನ ನಿಲ್ಲಲೇಬೇಕಾದೆಡೆಗೆ ಗೊತ್ತುಮಾಡಲಾಯಿತು. ಬರಹ ಕಾಣದ ಮಬ್ಬಿನಲ್ಲಿಯೂ ಫಲಕದ ಆಕಾರ ಕಂಡರೆ ಪ್ರಾಣವೊಂದು ಉಳಿಯಬಹುದೆಂಬುದೇ ಇದರ ಹಿಂದಿನ ಕಾಳಜಿ.

1968ರಲ್ಲಿ ವಿಯೆನ್ನಾದಲ್ಲಿ ರಸ್ತೆ ಚಿಹ್ನೆಗಳ ಅಂತರರಾಷ್ಟ್ರೀಯ ಒಡಂಬಡಿಕೆ ಏರ್ಪಟ್ಟಿತು. ಭಾರತವು 1980ರಲ್ಲಿ ಅದನ್ನು ಸೇರಿತು. ಅಲ್ಲಿಯೂ ಎಚ್ಚರಿಕೆಗೆ ಒಂದೇ ಆಕೃತಿ ನಿಲ್ಲಲಿಲ್ಲ. ಕೆಂಪು ಅಂಚಿನ ತ್ರಿಕೋನ, ಮೂಲೆಯ ಮೇಲೆ ನಿಂತ ಚೌಕ ಎರಡಕ್ಕೂ ಒಪ್ಪಿಗೆ ದೊರೆಯಿತು. ಭಾರತದ ರಸ್ತೆಗಳಲ್ಲಿ ತ್ರಿಕೋನ ಎಚ್ಚರಿಸಿದರೆ, ಅಮೆರಿಕದಲ್ಲಿ ಮೂಲೆಯ ಮೇಲೆ ನಿಂತ ಹಳದಿ ಚೌಕ ಎಚ್ಚರಿಸುತ್ತದೆ. ತಿರುವಿನ ಅಪಾಯ ಮಾತ್ರ ಎರಡೂ ಕಡೆ ಒಂದೇ.

ಇದರಿಂದ ತಿಳಿಯುವುದಿಷ್ಟು. ಕುರುಹು ಕಣ್ಣಿಗೆ ಸಹಜವಾಗಿ ದಕ್ಕುತ್ತದೆ. ಅದರ ಅರಿವು ಕಲಿಸಿದಲ್ಲದೆ ಬಾರದು. ಒಬ್ಬರಿಂದೊಬ್ಬರಿಗೆ ಆ ಅರಿವು ದಾಟಿ ಬರುತ್ತಿರುವವರೆಗೆ ಮೂರು ಗೆರೆಗಳು ಕೂಡ ಒಂದು ಜೀವವನ್ನು ಕಾಯಬಲ್ಲವು. ಅದು ನಿಂತ ದಿನ ತ್ರಿಕೋನವು ಬರಿಯ ತ್ರಿಕೋನವಾಗಿ ಉಳಿಯುತ್ತದೆ.